ಒಂಬತ್ತನೆಯ ಆನೆ

ಗಂಡಸಿ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಧರ್ಮೇಶ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಗಣಿತದ ಪಾಠ ಮುಗಿಯದಿದ್ದರೆ ಅವರ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ, ವಿಜ್ಞಾನ ಮುಗಿಯದಿದ್ದರೆ ವಿಜ್ಞಾನಕ್ಕೆ. ಜನಗಣತಿ, ಚುನಾವಣೆ, ಪರೀಕ್ಷೆ ಡ್ಯೂಟಿ, ಯಾವುದು ಬಂದರೂ ಪಟ್ಟಿಯಲ್ಲಿ ಮೊದಲು ಬರೆಯುವುದು ಅವರನ್ನೇ. ಆಗಸ್ಟ್ ಹದಿನೈದರಂದು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಸುಸ್ವಾಗತ ಬರೆಯಬೇಕಾದಾಗ ಮಾತ್ರ ಎಲ್ಲರೂ ಅವರನ್ನು ಪ್ರೀತಿಯಿಂದ ಹುಡುಕುತ್ತಾರೆ. ಧರ್ಮೇಶ ಇದನ್ನೆಲ್ಲ ಇಪ್ಪತ್ತೆರಡು ವರ್ಷ ಮುಖ ಗಂಟು ಹಾಕಿಕೊಳ್ಳದೆ ಮಾಡಿಕೊಂಡು ಬಂದವನು. ಅವನಪ್ಪ ಶಿವಯ್ಯ ಅದೇ ಸ್ಕೂಲಿನಲ್ಲಿ ಜವಾನನಾಗಿ ಗಂಟೆ ಹೊಡೆದಿದ್ದ. ಮಗ ಅಲ್ಲಿ ಕುರ್ಚಿಯ ಮೇಲೆ ಕೂರುತ್ತಾನಲ್ಲ, ಅಷ್ಟೇ ಸಾಕೆಂದು ಆ ಮನೆಯವರು ಬಹಳ ದಿನ ತೃಪ್ತಿಪಟ್ಟುಕೊಂಡಿದ್ದರು.

ಆದರೆ ಧರ್ಮೇಶನಿಗೆ ಒಳಗೊಳಗೇ ಒಂದು ಆಸೆ ಇತ್ತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ತನ್ನನ್ನು ಕಲಾವಿದ ಎಂದು ಕರೆಯಬೇಕು. ಈ ವಯಸ್ಸಿನಲ್ಲಿ ಇಂಥ ಆಸೆ ಹೇಳಿಕೊಂಡರೆ ಜನ ನಗುತ್ತಾರೆಂದು ಹೆಂಡತಿ ದಿವ್ಯಾಳಿಗೂ ಹೇಳಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು ಎಂಬುದು ಬೇರೆ ಮಾತು.

ಅಂಥವನ ಪಾಲಿಗೆ ಬಂದದ್ದು ಆನೆ. ಅರಸೀಕೆರೆಯಲ್ಲಿ ‘ಆಸರೆ ಬಳಗ’ ಎಂಬ ಒಂದು ಸೇವಾಸಂಸ್ಥೆ. ತಾಲ್ಲೂಕಿನ ಕಿಡ್ನಿ ರೋಗಿಗಳು ಡಯಾಲಿಸಿಸ್ಸಿಗೆ ಹಾಸನಕ್ಕೆ ಅಲೆಯುವುದನ್ನು ತಪ್ಪಿಸಲು ಊರಲ್ಲೇ ಎರಡು ಯಂತ್ರ ಇಡಿಸಬೇಕೆಂಬುದು ಅವರ ಹಟ. ಅದಕ್ಕೊಂದು ಹೊಸ ಉಪಾಯ ಮಾಡಿದರು. ಒಂಬತ್ತು ಫೈಬರ್ ಮರಿಯಾನೆಗಳನ್ನು ಎರಕ ಹೊಯ್ಯಿಸಿ, ಒಂಬತ್ತು ಮಂದಿ ಕಲಾವಿದರಿಗೆ ಬಣ್ಣ ಹಚ್ಚಲು ಕೊಟ್ಟು, ಬೇಲೂರು, ಹಳೇಬೀಡು, ಜಾವಗಲ್ಲು, ಅರಸೀಕೆರೆಗಳಲ್ಲಿ ನಿಲ್ಲಿಸುವುದು. ಜನ ಒಂದೊಂದನ್ನೇ ನೋಡಿಕೊಂಡು ಹೋಗಿ, ಒಂದೊಂದು ಆನೆಯ ಹತ್ತಿರವೂ ಪುಟ್ಟ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳುವುದು. ಒಂದು ತಿಂಗಳಾದ ಮೇಲೆ ಆನೆಗಳ ಹರಾಜು. ಬಳಗದ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ಟರ್ ಪಾರ್ಥಸಾರಥಿಯವರು ತಾವೇ ಫೋನ್ ಮಾಡಿ, “ಧರ್ಮೇಶ್, ನಮ್ಮ ಗಂಡಸಿ ಕಡೆಯ ಕಲಾವಿದರು ಅಂದ್ರೆ ನೀವೇ ಕಣ್ರೀ,” ಎಂದರು. ಆ ಒಂದು ಪದ ಕಿವಿಗೆ ಬಿದ್ದದ್ದೇ, ಧರ್ಮೇಶ ಮಿಕ್ಕಿದ್ದೇನನ್ನೂ ಕೇಳದೆ ಒಪ್ಪಿಕೊಂಡ.

ಅಪ್ಪನೂ ಆ ಕಾಯಿಲೆಯಿಂದಲೇ ಹೋದವನು. ವಾರಕ್ಕೆರಡು ಸಲ ರೈಲು ಹತ್ತಿ ಹಾಸನಕ್ಕೆ ಹೋಗಿ ಬರುವುದರಲ್ಲೇ ಶಿವಯ್ಯನ ಕೊನೆಯ ಎರಡು ವರ್ಷ ಸವೆದಿದ್ದವು. ಹಾಗಾಗಿ ಆನೆ ಮನೆಗೆ ಬಂದಾಗ ಅವ್ವ ಮಾರಮ್ಮ ಅದರ ಹಣೆಗೆ ಅರಿಸಿನ ಕುಂಕುಮ ಇಟ್ಟು, ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನು ಗುಡಿಸಿ ಒಳಗೆ ಬಿಟ್ಟುಕೊಂಡಳು.

ಧರ್ಮೇಶ ಮಾಡಿದ ಕೆಲಸವನ್ನು ಈಗ ಹೇಳಲೇಬೇಕು. ಬೇಲೂರಿನ ಕನ್ನಡಿ ಹಿಡಿದ ಸುಂದರಿಯನ್ನು ಆನೆಯ ಎರಡೂ ಮಗ್ಗುಲಿಗೆ ಬರೆಯಲು ಹೊರಟ. ಬರೆದದ್ದು ಯಾವುದರಲ್ಲಿ? ಸ್ಕೂಲಿನ ಗೋಡೆಗೆ ಹೊಡೆದು ಉಳಿದಿದ್ದ ಡಿಸ್ಟೆಂಪರಿನಲ್ಲಿ! ಇಪ್ಪತ್ತೆರಡು ವರ್ಷ ಗೋಡೆಯ ಮೇಲೆ ಗಾಂಧಿ ತಾತ, ಗಿಡ ನೆಡಿ ಎಂದು ಬರೆದ ಕೈ. ಫೈಬರೂ ಗೋಡೆಯೂ ಒಂದೇ ಎಂದುಕೊಂಡಿತು. ಹದಿನೈದು ದಿನ ಕೂತು ಬರೆದ ಸುಂದರಿ ಹದಿನಾರನೆಯ ದಿನದ ಬಿಸಿಲಿಗೆ ಹಪ್ಪಳದ ಹಾಗೆ ಎದ್ದು ಬಂದಳು. ಮೂಗು ಮೊದಲು ಉದುರಿತು, ಆಮೇಲೆ ಕನ್ನಡಿ. ಧರ್ಮೇಶ ತಲೆಯ ಮೇಲೆ ಕೈಹೊತ್ತು ಕೂತ. ಉಳಿದದ್ದನ್ನು ಕೆರೆದು, ಈ ಸಲ ಅಂಗಡಿಯಲ್ಲಿ ಕೇಳಿ ರೆಡಾಕ್ಸೈಡೂ ಬಿಳಿ ಎನಾಮಲ್ಲೂ ತಂದು, ಆನೆಯ ಮೈಗೆಲ್ಲ ಕೆಂಪು ಬಳಿದ. ಅದರ ಮೇಲೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ವ್ಯಾನು ಬರಲು ಎರಡು ದಿನ ಉಳಿದಿತ್ತು. ಮರುದಿನ ಅರಸೀಕೆರೆಯಲ್ಲಿ ಪರೀಕ್ಷೆ ಡ್ಯೂಟಿ.

ಅಂದು ಸಂಜೆ ಅವನು ಬಂದು ನೋಡುವಷ್ಟರಲ್ಲಿ ಕೆಂಪು ಆನೆಯ ಮೈತುಂಬ ಬಿಳಿ ಬಳೆ. ನೂರಾರು. ಸೊಂಡಿಲಿನಿಂದ ಬಾಲದವರೆಗೆ, ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ಒಂದಕ್ಕೊಂದು ತಾಗಿಯೂ ತಾಗದ ಹಾಗೆ. ಮಾರಮ್ಮ ಸೀಮೆಎಣ್ಣೆಯಲ್ಲಿ ಬೆರಳು ಉಜ್ಜಿಕೊಳ್ಳುತ್ತ ಕೂತಿದ್ದಳು.

“ಸಂಕ್ರಾಂತಿಗೆ ದನಕ್ಕೆ ಅಚ್ಚು ಒತ್ತಲ್ವೇನ್ಲಾ, ಹಂಗೇ ಒತ್ತಿದೆ,” ಎಂದಳು. “ಬರಿ ಮೈಯಲ್ಲಿ ನಿಂತಿತ್ತು, ನೋಡಕ್ಕಾಗ್ಲಿಲ್ಲ. ನಾಳೆ ಒತ್ತಾರೆಗೇ ಬತ್ತಾರೆ ಅಂದಿದ್ದಲ್ಲ.”

ಹೌದು, ಕಿಚ್ಚು ಹಾಯಿಸುವ ಮುಂಚೆ ದನಗಳ ಮೈಗೆ ಲೋಟದ ಬಾಯನ್ನು ಬಣ್ಣಕ್ಕೆ ಅದ್ದಿ ಅಚ್ಚು ಒತ್ತುವುದು ಆ ಕಡೆ ಎಲ್ಲರ ಮನೆಯಲ್ಲೂ ಉಂಟು. ಮಾರಮ್ಮ ಹುಡುಗಿಯಾಗಿದ್ದಾಗಿನಿಂದ ಗೌಡರ ಮನೆಯ ದನಗಳಿಗೆಲ್ಲ ಅವಳೇ ಒತ್ತುತ್ತಿದ್ದದ್ದು. ಅವಳ ಕೈಯ ಅಚ್ಚು ಒಂದು ಕೂದಲೆಳೆ ಆಚೆ ಈಚೆ ಆಗುತ್ತಿರಲಿಲ್ಲವೆಂದು ಹೆಸರಾಗಿತ್ತು.

ಧರ್ಮೇಶ ಸಿಟ್ಟಿನಲ್ಲಿ ಅನ್ನಬಾರದ್ದನ್ನೆಲ್ಲ ಅಂದ. “ಇದೇನು ದನ ಅಂದ್ಕೊಂಡ್ಯಾ?” ಎಂದು ಕೂಗಾಡಿ, ಉಣ್ಣದೆ ಮಲಗಿದ. ಬೆಳಿಗ್ಗೆ ವ್ಯಾನಿನ ಜೊತೆ ಪಾರ್ಥಸಾರಥಿಯವರೂ ಅವರ ಮಗಳು ಮೇಧಿನಿಯೂ ಬಂದರು. ಮೇಧಿನಿ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು. ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪ ಮಗಳು ಇಬ್ಬರೂ ಹಾಗೇ ನಿಂತುಬಿಟ್ಟರು. “ಸರ್, ಎಂಟು ಆನೆ ನೋಡಿದೀನಿ. ಇದು ಆನೆ ಅಲ್ಲ, ಕಾವ್ಯ,” ಎಂದಳು ಹುಡುಗಿ. ಆ ಗಳಿಗೆಯಲ್ಲಿ ಧರ್ಮೇಶ, ಇದು ನಮ್ಮವ್ವನ ಕೆಲಸ ಎನ್ನಬೇಕಿತ್ತು. ಬಾಯಿ ತೆರೆದ. ಹೊರಬಂದದ್ದು, “ಏನೋ, ಒಂದು ಪ್ರಯತ್ನ,” ಎಂಬ ಮಾತು.

ಅವಳು ಬಿಡಲಿಲ್ಲ. ಪ್ರತಿ ಬಳೆಯಲ್ಲೂ ಒಂದೇ ಜಾಗದಲ್ಲಿ ಚೂರು ತೆರಪು ಬಿಟ್ಟಿದೀರಲ್ಲ ಸರ್, ಯಾಕೆ ಎಂದಳು. ಧರ್ಮೇಶ ಅದನ್ನು ಗಮನಿಸಿಯೇ ಇರಲಿಲ್ಲ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ ಕಾಣಿಸಿತು. “ಶೂನ್ಯ ತತ್ವ,” ಎಂದ. “ಪೂರ್ಣ ಅನ್ನೋದು ಯಾವುದೂ ಇಲ್ಲ ಅಂತ.” ಮೇಧಿನಿ ಅದನ್ನು ಬರೆದುಕೊಂಡಳು. ಅವನ ಫೋಟೋವನ್ನೂ ತೆಗೆದುಕೊಂಡಳು.

ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಮಾರಮ್ಮ, ವ್ಯಾನು ಹೋದಮೇಲೆ ಮಗನ ಹತ್ತಿರ ಬಂದಳು. “ಚೆನ್ನಾಗೈತೆ ಅಂದ್ರೇನ್ಲಾ?”

“ಹ್ಞೂ.”

“ಆನೆ ಪಕ್ಕ ಬೋರ್ಡಿಟ್ಟು ಮಾಡ್ದೋರ ಎಸ್ರು ಹಾಕ್ತಾರಂತಲ್ಲ. ನಂದೂ ಹಾಕ್ತಾರಾ?” ಕೇಳುವಾಗ ಅವಳ ದನಿಯಲ್ಲಿ ನಾಚಿಕೆ ಇತ್ತು.

“ಹ್ಞೂ,” ಎಂದ ಧರ್ಮೇಶ. ಆ ಎರಡನೆಯ ಹ್ಞೂ ಅವನ ಕೊರಳಿಗೆ ಬಿತ್ತು.

ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ದಿವ್ಯಾ ವಾರದ ಕೊನೆಗೆ ಮನೆಗೆ ಬಂದಾಗ ವಿಷಯ ತಿಳಿದು, “ಇವತ್ತೇ ಹೇಳ್ಬಿಡ್ರಿ, ನಾಳೆಗೆ ಇನ್ನೂ ಕಷ್ಟ ಆಗುತ್ತೆ,” ಎಂದಳು. ನಾಳೆ ಇನ್ನೂ ಕಷ್ಟವೇ ಆಯಿತು. ಪೇಪರಿನಲ್ಲಿ ಧರ್ಮೇಶನ ಫೋಟೋ ಬಂತು. ಅವನು ಆ ದಿನದ ಪೇಪರನ್ನು ಮನೆಗೆ ಒಯ್ಯಲಿಲ್ಲ. ಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ತಾವಾಗಿಯೇ ಒಂದು ಪೀರಿಯಡ್ಡು ವಾಪಸು ಕೊಟ್ಟರು. ಒಂದು ತಿಂಗಳು ಹೀಗೇ ಕಳೆದು ಆನೆಗಳು ಹರಾಜಾಗಿ ಯಾರ ಯಾರ ಮನೆಯಂಗಳಕ್ಕೋ ಹೋಗಿಬಿಟ್ಟರೆ, ಅವ್ವನಿಗೆ ಏನೂ ತಿಳಿಯುವುದಿಲ್ಲ ಎಂದು ಅವನು ದಿನ ಎಣಿಸುತ್ತಿದ್ದ.

ಅಷ್ಟರಲ್ಲಿ ಪಾರ್ಥಸಾರಥಿಯವರ ಫೋನು ಬಂತು. ಧರ್ಮೇಶ ಸ್ನಾನಕ್ಕೆ ಹೋಗಿದ್ದ; ಎತ್ತಿಕೊಂಡದ್ದು ಮಾರಮ್ಮ. ಕೊನೆಯ ಭಾನುವಾರ ಕಲಾವಿದರಿಗೂ ಮನೆಯವರಿಗೂ ಟೆಂಪೋದಲ್ಲಿ ಒಂಬತ್ತು ಆನೆಯನ್ನೂ ತೋರಿಸುವ ಏರ್ಪಾಟು. ಬೇಲೂರಿನಿಂದ ಶುರು ಮಾಡಿ ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಒಂಬತ್ತನೆಯ ಆನೆಯ ಮುಂದೆ ಸಮಾರೋಪ. “ಅಮ್ಮಾ, ತಾವೂ ಬರಲೇಬೇಕು,” ಎಂದಿದ್ದರು ಅವರು. ಮಾರಮ್ಮ ಒಪ್ಪಿಕೊಂಡಾಗಿತ್ತು.

“ಬಿಸ್ಲು ಕಣವ್ವ. ದಿನವೆಲ್ಲ ಕೂರ್ಬೇಕು.”

“ಕಳೆ ಕಿತ್ತೋಳಿಗೆ ಬಿಸ್ಲು ಹೇಳಿಕೊಡ್ತೀಯಾ?” ಎಂದು ಅವಳು ಟ್ರಂಕಿನಿಂದ ಹಸಿರು ರೇಷ್ಮೆ ಸೀರೆ ತೆಗೆದಳು.

ಭಾನುವಾರ ಬೆಳಿಗ್ಗೆ ಅರಸೀಕೆರೆಯಲ್ಲಿ ಟೆಂಪೋ ಹತ್ತಿದರು. ದಿವ್ಯಾಳಿಗೆ ಡ್ಯೂಟಿ. ಮಾರಮ್ಮ ಕಿಟಕಿಯ ಪಕ್ಕ, ಧರ್ಮೇಶ ನಡುವೆ, ಈಚೆಗೆ ಬಿಕ್ಕೋಡಿನ ಚನ್ನಪ್ಪ. ಅಂಗಡಿ ಬೋರ್ಡು ಬರೆಯುವ ಚನ್ನಪ್ಪನ ಆನೆ ಹಳೇಬೀಡಿನಲ್ಲಿ ನಿಂತಿತ್ತು. ಆಜಾನುಬಾಹು ಆಸಾಮಿ, ಅವನು ಕೂತ ಮೇಲೆ ಧರ್ಮೇಶನಿಗೆ ಕೈ ಅಲ್ಲಾಡಿಸಲೂ ಜಾಗವಿರಲಿಲ್ಲ. ಮಾರಮ್ಮನ ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಮೇಲಿಡುತ್ತೇನೆ ಕೊಡಿ ಎಂದರೂ ಅವಳು ಯಾರ ಕೈಗೂ ಕೊಡಲಿಲ್ಲ.

“ನಮ್ಮೂರಿಗೆ ಇವರು ಆನೆ ಇಡ್ಲಿಲ್ಲ, ಸರಿಯಾಗೇ ಮಾಡಿದ್ರು,” ಎಂದ ಚನ್ನಪ್ಪ. “ನಮ್ ತೋಟಕ್ಕೆ ದಿನಾ ನಿಜವಾದದ್ದೇ ಬತ್ತವೆ. ಮುದ್ರೆ ಒತ್ತಿಸ್ಕೊಳಕ್ಕೆ ಹತ್ರ ಹೋಗೋರು ಯಾರು?” ಟೆಂಪೋ ಇಡೀ ನಕ್ಕಿತು. ಧರ್ಮೇಶನೂ ನಕ್ಕ.

ಬೇಲೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೊದಲನೆಯ ಆನೆ. ಮೈತುಂಬ ಕಾಫಿ ಹಣ್ಣು ಬರೆದದ್ದು. ಮಾರಮ್ಮ ಆನೆಯನ್ನು ಒಂದು ಸುತ್ತು ಬಂದು, ಪಕ್ಕದ ಬೋರ್ಡಿನ ಮುಂದೆ ನಿಂತಳು. ಅವಳಿಗೆ ಓದು ಬಾರದು. ಆದರೆ ಬೋರ್ಡಿನಲ್ಲಿ ಅಕ್ಷರದ ಮೇಲೆ ಒಬ್ಬ ಕನ್ನಡಕದ ಹುಡುಗಿಯ ಫೋಟೋ ಇತ್ತು. ಆ ಹುಡುಗಿಯೇ ಟೆಂಪೋದ ಮುಂದಿನ ಸೀಟಿನಲ್ಲಿ ಕೂತಿದ್ದಳು.

“ಲೋ ಧರ್ಮ, ಮಾಡ್ದೋರ ಫೋಟೋನೂ ಹಾಕವ್ರೆ!”

“ಹ್ಞೂ.”

“ನಂದು ಯಾವ ಫೋಟೋ ಕೊಟ್ಟೆ? ಆಧಾರ್ ಕಾರ್ಡಿಂದು ಕೊಟ್ಟಿದ್ರೆ ನೋಡು, ಅದ್ರಲ್ಲಿ ಕಳ್ಳಿ ಇದ್ದಂಗೆ ಇದೀನಿ.”

ಧರ್ಮೇಶನ ಬಾಯಿ ಒಣಗಿತು. ಹೆಸರಾದರೆ ಏನೋ ಒಂದು ಓದಿ ಹೇಳಬಹುದು, ಅವ್ವನಿಗೆ ತಿಳಿಯುವುದಿಲ್ಲ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿ ಬಂದಿದ್ದ. ಫೋಟೋ ನೆನಪಿಗೇ ಬಂದಿರಲಿಲ್ಲ. ಸ್ಟೇಷನ್ನಿನ ಬೋರ್ಡಿನಲ್ಲಿ ನೀಲಿ ಅಂಗಿ ತೊಟ್ಟು ಗಲ್ಲಕ್ಕೆ ಬೆರಳಿಟ್ಟುಕೊಂಡು ತಾನೇ ನಿಂತಿದ್ದಾನೆ. ಅದಕ್ಕೆ ಏನು ಹೇಳುವುದು? “ನನ್ ಮದ್ವೇಲಿ ತೆಗ್ದಿದ್ದು,” ಎಂದುಬಿಟ್ಟ. ಮಾರಮ್ಮನಿಗೆ ಸಮಾಧಾನವಾಯಿತು. ಮದುವೆಯ ಫೋಟೋದಲ್ಲಿ ಅವಳು ಇದೇ ಹಸಿರು ಸೀರೆ ಉಟ್ಟಿದ್ದಳು.

ಎರಡನೆಯ ಆನೆ, ಮೂರನೆಯ ಆನೆ. ಎಲ್ಲ ಕಡೆ ಮೇಧಿನಿ ಮುದ್ರೆ ಒತ್ತಿದಳು. ಎಲ್ಲ ಕಡೆ ಮಾರಮ್ಮ ಮಗನಿಂದ ಬೋರ್ಡು ಓದಿಸಿಕೊಂಡಳು. ಯಾವೂರು, ಯಾರ ಮಕ್ಕಳು, ಎಷ್ಟು ದಿನ ಹಿಡಿಯಿತು, ಒಂದೂ ಬಿಡಲಿಲ್ಲ. ದೇವಸ್ಥಾನದ ಬೀದಿಯಲ್ಲಿ ಮೇಧಿನಿ ಎಲ್ಲರನ್ನೂ ನಿಲ್ಲಿಸಿ, ಬೇಲೂರಿನ ಶಿಲ್ಪಿಗಳು ತಾವು ಕಡೆದ ವಿಗ್ರಹದ ಕೆಳಗೆ ತಮ್ಮ ಹೆಸರನ್ನು, ಊರನ್ನು, ಅಪ್ಪನ ಹೆಸರನ್ನೂ ಕೆತ್ತಿದ್ದಾರೆ, ಒಂಬೈನೂರು ವರ್ಷವಾದರೂ ಅಳಿಸಿಲ್ಲ, ಎಂದು ವಿವರಿಸಿದಳು.

ಮಾರಮ್ಮ ಮಗನ ಕಡೆ ತಿರುಗಿದಳು. “ಆಗಿಂದ್ಲೂ ಐತೆ ಅನ್ನು ಈ ಪದ್ಧತಿ. ನೋಡ್ದಾ, ನಾನು ಸುಮ್ನೆ ಆಸೆಬುರುಕತನಕ್ಕೆ ಕೇಳ್ಲಿಲ್ಲ.”

ಅವಳು ಹಾಗೆಂದಾಗ ಧರ್ಮೇಶನಿಗೆ ನಿಜವಾಗಿಯೂ ಅಳು ಬಂತು. ಟೆಂಪೋ ಬಿಟ್ಟು ಓಡಿಹೋಗಬೇಕೆನಿಸಿತು. ಹೊಟ್ಟೆನೋವು ಎಂದು ನಾಟಕ ಹೂಡಿದ. ಪಾರ್ಥಸಾರಥಿಯವರ ಬಳಿ ಅದಕ್ಕೂ ಮಾತ್ರೆ ಇತ್ತು. ಅವರು ಎದುರಿಗೇ ನಿಂತು ನುಂಗಿಸಿದರು. ಅವ್ವನಿಗೆ ಬಿಪಿ ಇದೆ ಸಾರ್, ನಾವು ಇಲ್ಲಿಂದಲೇ ಹೊರಡುತ್ತೇವೆ ಎಂದ. “ನಿಮ್ಮನ್ನ ಬಿಟ್ಟು ಸಮಾರೋಪ ಮಾಡೋದು ಹೇಗ್ರೀ? ಇವತ್ತಿನ ಸನ್ಮಾನವೇ ನಿಮಗೆ!” ಎಂದು ಅವರು ಗುಟ್ಟು ಬಿಟ್ಟುಕೊಟ್ಟರು. ಮುದ್ರೆ ಒತ್ತಿಸಿಕೊಂಡ ಜನವೆಲ್ಲ ಚೀಟಿ ಹಾಕಿ ಆರಿಸಿದ ಮೆಚ್ಚಿನ ಆನೆ ಒಂಬತ್ತನೆಯದಂತೆ.

ಹಳೇಬೀಡಿನಲ್ಲಿ ಊಟದ ಹೊತ್ತು. ಕೆರೆಯ ಏರಿಯ ಮೇಲೆ ನೆರಳು ನೋಡಿ ಅವ್ವ ಮಗ ಕೂತರು. ಇಲ್ಲೇ ಹೇಳಿಬಿಡಬೇಕು ಎಂದು ಧರ್ಮೇಶ ಗಟ್ಟಿ ಮನಸ್ಸು ಮಾಡಿದ. ಅವಳು ಬೈಯಲಿ, ಅಳಲಿ, ಎರಡು ಬಿಡಲಿ. ಊರವರ ಮುಂದೆ ಗೊತ್ತಾಗುವುದಕ್ಕಿಂತ ವಾಸಿ.

“ಅವ್ವಾ, ಆ ಆನೆ ವಿಚಾರ ಒಂದು ಹೇಳ್ಬೇಕಿತ್ತು.”

“ನಾನೂ ಒಂದು ಹೇಳ್ಬೇಕಿತ್ತು, ಮೊದ್ಲು ಕೇಳು,” ಎಂದಳು ಅವಳು. “ಅವತ್ತು ನೀನು ಬೈದೆಯಲ್ಲ, ದನ ಅಂದ್ಕೊಂಡ್ಯಾ ಅಂತ. ಆಮ್ಯಾಕೆ ಯೋಚ್ನೆ ಮಾಡ್ದೆ. ಮಗ ಓದ್ದೋನು, ಅವನ ಕೆಲ್ಸ ನಾನು ಕೆಡಿಸ್ಬಿಟ್ಟೆ ಅನ್ನಿಸ್ತು. ಎರಡು ದಿನ ಊಟ ಸೇರ್ಲಿಲ್ಲ ಕಣಪ್ಪ. ನೀನು ಎಸ್ರು ಹಾಕ್ತಾರೆ ಅಂದ್ಮ್ಯಾಲೆ ಸಮಾಧಾನ ಆಯ್ತು. ಕೆಡ್ಸಿದ್ರೆ ಹಾಕ್ತಿದ್ರಾ?”

ಧರ್ಮೇಶ ತನ್ನ ಪಾಲಿನ ಮೊಸರನ್ನವನ್ನೂ ಅವಳ ಕಡೆಗೆ ಸರಿಸಿದ. ಅಷ್ಟರಲ್ಲಿ ಚನ್ನಪ್ಪ ಕಡಲೆಕಾಯಿ ಪೊಟ್ಟಣ ಹಿಡಿದು ಬಂದು, “ಏನಮ್ಮಾ, ನಮ್ಮಾನೆ ಹೆಂಗೈತೆ?” ಎನ್ನುತ್ತ ಇಬ್ಬರ ನಡುವೆ ಕುಕ್ಕರುಬಡಿದ. ಅವನ ಆನೆಯ ಮೇಲೆ ಹಲಸಿನ ಹಣ್ಣು ತಿನ್ನುವ ಆನೆಯ ಚಿತ್ರವೇ ಇತ್ತು.

ಆಮೇಲೆ ಎಲ್ಲವೂ ಧರ್ಮೇಶನನ್ನು ಮುಂದಕ್ಕೆ ತಳ್ಳುವುದಕ್ಕೇ ಸೇರಿಕೊಂಡವು. ಜಾವಗಲ್ಲಿನ ಹತ್ತಿರ ಟೈರು ಪಂಚರಾದಾಗ ಅವನಿಗೆ ಹೋದ ಜೀವ ಬಂದಂತಾಯಿತು. ಡ್ರೈವರು ಇಪ್ಪತ್ತೇ ನಿಮಿಷದಲ್ಲಿ ಬೇರೆ ಟೈರು ಹಾಕಿದ. ಬಾಣಾವರದಲ್ಲಿ ರೈಲ್ವೆ ಗೇಟು ಹಾಕಿತ್ತು; ಇವರು ಹೋಗಿ ನಿಂತದ್ದೇ ತೆರೆಯಿತು. ಕಿಟಕಿಯಲ್ಲಿ ತೆಂಗಿನ ತೋಟಗಳು ಹಿಂದೆ ಓಡಿದವು. ಒಂದು ಕಡೆ ಅವ್ವನ ಭುಜ, ಒಂದು ಕಡೆ ಚನ್ನಪ್ಪ. ಅರಸೀಕೆರೆಯ ಶಿವಾಲಯದ ಹತ್ತಿರದ ಎಂಟನೆಯ ಆನೆಯನ್ನು ಅವನು ನೋಡಿದನೋ ಇಲ್ಲವೋ, ಅವನಿಗೇ ನೆನಪಿಲ್ಲ.

ನಾಲ್ಕು ಗಂಟೆಗೆ ಸ್ಟೇಷನ್ನು. ಹೊರಗಿನ ಅಂಗಳದಲ್ಲಿ ಶಾಮಿಯಾನ, ನೂರಿನ್ನೂರು ಜನ, ಮೈಕು. ನಡುವೆ ಕೆಂಪು ಆನೆ. ಸಂಜೆಯ ಬಿಸಿಲಿಗೆ ಬಿಳಿ ಬಳೆಗಳೆಲ್ಲ ಎದ್ದು ಕಾಣುತ್ತಿದ್ದವು. ಮಾರಮ್ಮ ಯಾರಿಗೂ ಕಾಯದೆ ಇಳಿದು ಸರಸರ ನಡೆದಳು. ಆನೆಯ ಮೈಮೇಲೆ ಕೈಯಾಡಿಸಿದಳು. ಹೊಟ್ಟೆಯ ಕೆಳಗೆ ಬಗ್ಗಿ, ಅಲ್ಲಿನ ಬಳೆಗಳೂ ಇವೆಯೇ ನೋಡಿದಳು. “ಮಳೆಗೂ ಹೋಗಿಲ್ಲ, ನೋಡು,” ಎಂದು ಅಲ್ಲಿದ್ದ ಒಬ್ಬ ಪೋರ್ಟರಿಗೆ ಹೇಳಿದಳು. ಆಮೇಲೆ ಬೋರ್ಡಿನ ಮುಂದೆ ಬಂದು ನಿಂತಳು.

ಧರ್ಮೇಶ ಹತ್ತು ಹೆಜ್ಜೆ ಹಿಂದೆಯೇ ನಿಂತುಬಿಟ್ಟ. ಅವ್ವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗಲಿಲ್ಲ.

ಮೇಧಿನಿ ಹತ್ತಿರ ಹೋಗಿ, “ಅಜ್ಜಿ, ಓದಿ ಹೇಳ್ಲಾ?” ಎಂದು ತಾನಾಗಿಯೇ ಓದತೊಡಗಿದಳು. “ಕಲಾವಿದರು, ಶ್ರೀ ಧರ್ಮೇಶ್, ಗಂಡಸಿ. ಶೀರ್ಷಿಕೆ, ಶೂನ್ಯ. ಪ್ರತಿ ವೃತ್ತದಲ್ಲೂ ಕಲಾವಿದರು ಬೇಕೆಂದೇ ಬಿಟ್ಟಿರುವ ತೆರಪು...”

“ಶೂನ್ಯ ಅಂದ್ರೇನವ್ವ?”

“ಏನೂ ಇಲ್ಲದಿರೋದು, ಅಜ್ಜಿ.”

“ಓ,” ಎಂದಳು ಮಾರಮ್ಮ. ಚೀಲವನ್ನು ಕಂಕುಳಿಗೆ ಒತ್ತಿಕೊಂಡಳು.

ಮೈಕಿನಲ್ಲಿ ಹೆಸರು ಕೂಗಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಪಾರ್ಥಸಾರಥಿಯವರು ಎರಡು ಮಾತಾಡಬೇಕೆಂದು ಮೈಕನ್ನು ಧರ್ಮೇಶನ ಕೈಗೇ ಕೊಟ್ಟರು. ಜನರ ನಡುವೆ ಅವ್ವ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಕಾಯುವವರ ಮುಖ ಅದು. ಒಂದು ತಿಂಗಳಿನಿಂದ ಕಟ್ಟಿಕೊಂಡಿದ್ದದ್ದು ಧರ್ಮೇಶನೊಳಗೆ ಒಡೆಯಿತು.

“ಇದನ್ನ ನಾನು ಮಾಡಿಲ್ಲ,” ಎಂದ. “ನಮ್ಮವ್ವ ಮಾಡಿದ್ದು. ಎಲ್ಲಾ ನಮ್ಮವ್ವಂದೇ.”

ಚಪ್ಪಾಳೆ! ಅದುವರೆಗೆ ಯಾರಿಗೂ ಬೀಳದಷ್ಟು ಜೋರಾದ ಚಪ್ಪಾಳೆ. ಸನ್ಮಾನ ಮಾಡಿಸಿಕೊಂಡವರು ಎಲ್ಲ ನಮ್ಮ ತಾಯಿಯದು, ಎಲ್ಲ ಗುರುಗಳದು ಎನ್ನುವುದನ್ನು ನಮ್ಮ ಜನ ಎಷ್ಟು ವೇದಿಕೆಯಲ್ಲಿ ಕೇಳಿಲ್ಲ! ಪಾರ್ಥಸಾರಥಿಯವರ ಕಣ್ಣಲ್ಲಿ ನೀರು ಬಂತು. “ಕೇಳಿದ್ರಾ? ಇದು ವಿನಯ ಅಂದ್ರೆ! ಇಂಥ ಮಗನ್ನ ಹೆತ್ತ ತಾಯಿಗೆ ಮೊದಲು ಸನ್ಮಾನ ಆಗ್ಬೇಕು,” ಎಂದು, ಮಾರಮ್ಮನನ್ನು ಕೈಹಿಡಿದು ಮೇಲೆ ಕರೆತಂದರು.

“ಅಲ್ಲ ಸಾರ್, ನಿಜವಾಗ್ಲೂ, ಬಣ್ಣ ಹಚ್ಚಿದ್ದೇ ಇವ್ರು. ನಾನು ಮನೇಲೇ ಇರ್ಲಿಲ್ಲ,” ಎಂದ ಧರ್ಮೇಶ. ಅವನ ದನಿ ಒಡೆದಿತ್ತು. ಜನ ಪ್ರೀತಿಯಿಂದ ನಕ್ಕರು. “ಬಿಡ್ರೀ ಮೇಷ್ಟ್ರೇ, ಸಾಕು!” ಎಂದು ಚನ್ನಪ್ಪ ಕೆಳಗಿನಿಂದ ಕೂಗಿದ. ಜಾತಿ, ಕೆಲಸ, ಸಂಬಳ ನೋಡಿ ತನ್ನ ಮಾತನ್ನು ಜನ ನಂಬದಿದ್ದದ್ದು ಧರ್ಮೇಶನಿಗೆ ಹೊಸದಲ್ಲ. ಆದರೆ ಅವನ ಮೇಲಿನ ಗೌರವಕ್ಕೇ ಅವನ ಮಾತನ್ನು ನಂಬದೆ ಹೋದದ್ದು ಇದೇ ಮೊದಲು.

ಶಾಲು ಹೊದೆಸಿ, “ಹೇಳಿ ಅಮ್ಮಾ, ಮಗನ ಕೆಲಸ ಹೇಗಿದೆ?” ಎಂದು ಪಾರ್ಥಸಾರಥಿಯವರು ಮೈಕನ್ನು ಮಾರಮ್ಮನ ಬಾಯಿಗೆ ಹಿಡಿದರು.

ಅವಳು ಮಗನನ್ನು ನೋಡಿದಳು. ಅವನ ಕಣ್ಣೀರು, ಕೊರಳಿನ ಹಾರ. ಎದುರಿಗೆ ಕೂತಿದ್ದ ಅವನ ಸ್ಕೂಲಿನ ಹೆಡ್‌ಮಾಸ್ಟರು, ಗಣಿತದ ಮೇಷ್ಟ್ರು. ಈಗ ತಾನು ಹೌದು ಎಂದರೆ ಇವನು ನಾಳೆ ಸ್ಕೂಲಿಗೆ ಹೋಗುವುದು ಹೇಗೆ ಎಂದು ಅವಳು ಯೋಚಿಸಿದ್ದು ಧರ್ಮೇಶನಿಗೆ ಕಣ್ಣಾರೆ ಕಂಡಿತು. ಬೇಡ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಅವಳು ಎಲ್ಲರಿಗೂ ಕೈಮುಗಿದಿದ್ದಳು.

“ಚೆನ್ನಾಗಿ ಮಾಡವ್ನೆ ನನ್ ಮಗ,” ಎಂದಳು.

ಗಂಡಸಿಯ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಮಾಲೇಕಲ್ಲಿನ ಬೆಟ್ಟದ ಮೇಲೆ ಇನ್ನೂ ಬಿಸಿಲಿತ್ತು. ಧರ್ಮೇಶ ಹಣ್ಣಿನ ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿದ. ಕೊನೆಗೆ, “ನಾಳೆ ನಾನೇ ಹೋಗಿ ಬೋರ್ಡು ಬದ್ಲಾಯಿಸ್ತೀನಿ ಅವ್ವ,” ಎಂದ.

“ಬ್ಯಾಡ. ಮೈಕಲ್ಲಿ ನಾನೇ ಹೇಳಾಯ್ತಲ್ಲ. ಈಗ ಬದ್ಲಾಯಿಸಿದ್ರೆ ನಾನು ಸುಳ್ಳುಗಾತಿ ಆಯ್ತೀನಿ.” ಮತ್ತೆ ಅವಳೇ ಹೇಳಿದಳು. “ಆದ್ರೆ ಅದು ಶೂನ್ಯ ಅಲ್ಲ ಕಣ್ಲಾ. ಅದನ್ನ ಯಾಕಂಗೆ ಬರ್ಸಿದೆ?”

ಬಟ್ಟೆಯ ಚೀಲ ಬಿಚ್ಚಿ ಒಂದು ಸ್ಟೀಲ್ ಲೋಟ ತೆಗೆದಳು. ಬಾಯಂಚಿನಲ್ಲಿ ಇನ್ನೂ ಬಿಳಿ ಎನಾಮಲ್ಲಿನ ಗೆರೆ. ಒಂದು ಕಡೆ ನಗ್ಗಿ ಒಳಗೆ ಮಡಿಚಿಕೊಂಡಿತ್ತು. ಅಲ್ಲಿ ಬಣ್ಣ ಹತ್ತಿರಲಿಲ್ಲ. “ಯಾವುದ್ರಲ್ಲಿ ಒತ್ತಿದೆ ಅಂತ ಯಾರಾನಾ ಕೇಳಿದ್ರೆ ತೋರ್ಸಾನ ಅಂತ ತಂದಿದ್ದೆ.”

ಧರ್ಮೇಶ ಗುರುತು ಹಿಡಿದ. ಅಪ್ಪನಿಗೆ ದಿನಕ್ಕೆ ಈ ಅಳತೆಯ ಲೋಟದಲ್ಲಿ ಮೂರೇ ಮೂರು ಲೋಟ ನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚು ಕೊಡಬೇಡಿ ಎಂದು ಹಾಸನದ ಡಾಕ್ಟರು ಹೇಳಿದ್ದರು. ಎರಡು ವರ್ಷ ಅವ್ವನೇ ಅಳೆದು ಕೊಟ್ಟಿದ್ದಳು. ಒಂದು ಬೇಸಗೆಯ ಮಧ್ಯಾಹ್ನ ನಾಲ್ಕನೆಯದಕ್ಕೆ ಅಂಗಲಾಚಿ, ಅವಳು ಕೊಡದಿದ್ದಾಗ, ಅಪ್ಪ ಈ ಲೋಟವನ್ನು ಒರಳುಕಲ್ಲಿಗೆ ಬೀಸಿ ಎಸೆದಿದ್ದ. ಉರುಳಿ ಬಂದದ್ದನ್ನು ಎತ್ತಿ ಅವ್ವನ ಕೈಗೆ ಕೊಟ್ಟವನು ಧರ್ಮೇಶನೇ. ಆನೆಯ ಮೈಮೇಲಿನ ಅಷ್ಟೂ ಬಳೆಗಳಲ್ಲಿ ಆ ನಗ್ಗು ಇತ್ತು. ಅವನು ಅದರ ಮುಂದೆ ನಿಂತು ಬುದ್ಧನ ಹೆಸರು ಹೇಳಿದ್ದ.

“ನಿಮ್ಮಪ್ಪನ ಕಾಯ್ಲೆ ಮಿಷನ್ನು ಇಲ್ಲಿಗೇ ಬತ್ತದೆ ಅಂದ್ರಲ್ಲ, ಅದ್ಕೇ ಇದ್ರಲ್ಲೇ ಒತ್ತಿದೆ,” ಎಂದಳು ಮಾರಮ್ಮ. “ಒಂದೊಂದು ಒತ್ತುವಾಗ್ಲೂ ಒಂದೊಂದು ಲೋಟ ಕೊಟ್ಟಂಗಾಯ್ತು ನಂಗೆ. ಹೊಟ್ಟೆ ತುಂಬ ಕುಡೀಲಿ ಅಂತ.”

ಧರ್ಮೇಶ ಮುಖ ಮುಚ್ಚಿಕೊಂಡು ಅತ್ತ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕೊರಳಲ್ಲಿನ ಹಾರ ಕಂಡು, ಸಂತೋಷಕ್ಕೆ ಅಳುತ್ತಿರಬೇಕೆಂದು ಸುಮ್ಮನಾದರು.

“ಬೆಳಗಿಂದ ನೋಡ್ತಾ ಇದೀನಿ, ಬಾಯಿ ಒಣಗೋಗೈತೆ ನಿಂಗೆ,” ಎಂದು ಅವಳು ಬಾಟಲಿಯಿಂದ ಆ ಲೋಟಕ್ಕೆ ನೀರು ಬಗ್ಗಿಸಿ ಅವನ ಕೈಗೆ ಕೊಟ್ಟಳು. ಅವನು ಕುಡಿದ. ನಗ್ಗಿದ ಅಂಚು ತುಟಿಗೆ ಒತ್ತಿತು. ಅವಳು ಇನ್ನೊಂದು ಕೊಟ್ಟಳು, ಮತ್ತೂ ಒಂದು. ಮೂರು ಲೋಟ ಆದ ಮೇಲೆ ಧರ್ಮೇಶನಿಗೆ ಇನ್ನು ಬಾಯಾರಿಕೆ ಇರಲಿಲ್ಲ. ಮಾರಮ್ಮ ನಾಲ್ಕನೆಯದನ್ನೂ ತುಂಬಿಸಿ ಹಿಡಿದಳು. ಬೇಡ ಎನ್ನಲು ಅವನಿಗೆ ಆಗಲಿಲ್ಲ.